ಕಪಿಲೆಯ ಮೆಟ್ಟಿಲ ಮೇಲಿನ ಊಟ

ಎರಡನೇ ಹೆರಿಗೆಗೆ ಹೆಂಡತಿ ಮೈಸೂರಿನ ಆಸ್ಪತ್ರೆ ಸೇರಿದ್ದಳು. ಅತ್ತೆ ಅವಳ ಜೊತೆಗಿದ್ದರು. ನನ್ನ ಬಳಿ ಉಳಿದ ಮೂರು ವರ್ಷದ ಮಗಳು ಊಟವನ್ನೇ ಬಿಟ್ಟಳು. ಹೊರಗೆ ಸುತ್ತಾಡಿಸಿದರೆ ಉಂಡಾಳೆಂದು ಭಾನುವಾರ ಮೊಸರನ್ನದ ಡಬ್ಬಿ ಹಿಡಿದು ನಂಜನಗೂಡಿನ ಹೊಳೆದಂಡೆಗೆ ಕರೆದುಕೊಂಡು ಹೋದೆ. ಮೀನಿಗೆ ಕಡಲೆಪುರಿ ಹಾಕುವಾಗ ನಕ್ಕಳು. ಚಮಚ ಕಂಡೊಡನೆ ಬಾಯಿ ಬಿಗಿದಳು.

ಪಕ್ಕದಲ್ಲಿ, ಮಕ್ಕಳ ಮುಡಿ ಕೊಡಲು ಹೆಡತಲೆ ಎಂಬ ಹಳ್ಳಿಯಿಂದ ಬಂದಿದ್ದ ಸಂಸಾರವೊಂದು ಊಟಕ್ಕೆ ಕೂತಿತ್ತು. ಅವರಲ್ಲೊಬ್ಬ ಅಜ್ಜಿ ನಮ್ಮನ್ನೇ ನೋಡುತ್ತಿದ್ದರು.

"ಯಾಕ್ಸಾ, ಕೂಸು ಉಣ್ತಿಲ್ವಾ?"

"ಇವಳಮ್ಮ ಆಸ್ಪತ್ರೇಲಿದಾಳೆ. ನನ್ನ ಕೈಲಿ ತಿನ್ನಲ್ಲ."

"ಒಂದೇ ಕೂಸಿನ ಮುಂದೆ ಪೊಲೀಸಿನಂಗೆ ಕುಂತ್ಕೊಂಡ್ರೆ ಅದು ಎಂಗ್ ಉಂಡಾತು? ಕೊಡಿ ಇತ್ತಾಗೆ."

ಬೋಳುತಲೆಗೆ ಗಂಧ ಬಳಿಸಿಕೊಂಡಿದ್ದ ಮಕ್ಕಳ ಸುತ್ತಿನಲ್ಲಿ ನನ್ನ ಮಗಳನ್ನೂ ಕೂರಿಸಿ, ಅನ್ನಕ್ಕೆ ಹುಳಿ ಕಲಸಿ, ಒಬ್ಬೊಬ್ಬರ ಅಂಗೈಗೂ ಒಂದೊಂದು ತುತ್ತು ಇಡುತ್ತಾ ಹೋದರು. ತನ್ನ ಸರದಿ ಎಲ್ಲಿ ತಪ್ಪೀತೋ ಎಂದು ಮಗಳು ಅವಸರದಲ್ಲಿ ನುಂಗಿ ಮತ್ತೆ ಕೈ ಚಾಚಿದಳು. ನಾನು ಹೊಳೆಯ ಕಡೆ ಮುಖ ತಿರುಗಿಸಿದೆ.

"ನೀವೂ ಕೈ ಒಡ್ಡಿ ಸಾ. ನೀವ್ ಉಂಡ್ರೋ ಇಲ್ವೋ, ಯಾರ್ ಕೇಳೋರು?"

ಒಡ್ಡಿದೆ. ತುತ್ತು ನುಂಗಿ ಮತ್ತೆ ಒಡ್ಡಿದೆ.

ಮನೆಗೆ ಬಂದ ಮೇಲೂ ಮಗಳು ಒಬ್ಬಳೇ ಉಣ್ಣಲು ಒಪ್ಪಲಿಲ್ಲ. ಹೆಂಡತಿ ಬರುವವರೆಗೂ ಬೀದಿಯ ಮಕ್ಕಳನ್ನೆಲ್ಲ ಕರೆದು ಕೂರಿಸಿ ಕೈತುತ್ತು ಹಾಕಿದೆ. ನಾನು ಧಾರಾಳ ಮನಸ್ಸಿನವನೆಂಬ ಮಾತು ನಮ್ಮ ಬೀದಿಯಲ್ಲಿ ಹಬ್ಬಿದ್ದು ಆಗಲೇ. ನಾನು ತಿದ್ದಲು ಹೋಗಿಲ್ಲ.