ಅವನಿಗೆ ಬರೆದ ಸೂಜಿ

ಗಂಡನ ಹೆಸರಿಗೆ ಬರೆದುಕೊಟ್ಟ ಇಂಜೆಕ್ಷನ್ನನ್ನು ಹೆಂಡತಿಗೆ ಚುಚ್ಚಿಸಿದರೆ ಮಗುವಾಗುತ್ತದೆಯೇ? ನಗಬೇಡಿ. ನಮ್ಮ ಮನೆಯಲ್ಲಿ ಒಂದು ತಿಂಗಳು ಚುಚ್ಚಿಸಿದ್ದಾರೆ.

ನನ್ನ ಮೊಮ್ಮಗ ನಿಂಗರಾಜು, ಅವನ ಹೆಂಡತಿ ಜಯಮ್ಮ. ಮದುವೆಯಾಗಿ ಐದು ವರ್ಷ, ಮಕ್ಕಳಿಲ್ಲ. ಅವನ ತಾಯಿ, ಅಂದರೆ ನನ್ನ ಸೊಸೆ ಪುಟ್ಟತಾಯಿ, ನಾಗಮಂಗಲದ ಕಡೆ ಅವನಿಗೆ ಎರಡನೇ ಹುಡುಗಿ ನೋಡಲು ಶುರು ಮಾಡಿದ್ದಳು. ಮೊದಲು ಡಾಕ್ಟರಿಗೆ ತೋರಿಸಿಕೊಂಡು ಬನ್ನಿ ಎಂದು ಗಂಡ ಹೆಂಡತಿ ಇಬ್ಬರನ್ನೂ ಮೈಸೂರಿಗೆ ಅಟ್ಟಿದವಳು ನಾನೇ.

ಇಂಜೆಕ್ಷನ್ ಸೀಸೆಗಳನ್ನು ಹೊತ್ತುಕೊಂಡು ಬಂದರು. ಹಾರ್ಮೋನು ಅಂತೆ. ಮೈಯೊಳಗೆ ತಾನಾಗಿ ಊರಬೇಕಾದ ರಸ ಕಮ್ಮಿಯಾದರೆ, ಕಾರ್ಖಾನೆಯಲ್ಲಿ ಮಾಡಿದ ಇದನ್ನು ಚುಚ್ಚಿ ಮೈಯನ್ನು ಎಬ್ಬಿಸುತ್ತಾರಂತೆ. ವಾರಕ್ಕೆರಡು, ಮೂರು ತಿಂಗಳು. (ತಣ್ಣಗಿಡಿ ಎಂದಿದ್ದರು. ನೀರಿನ ಗಡಿಗೆ ಪಕ್ಕ ಒದ್ದೆ ಮರಳಲ್ಲಿ ಹೂತಿಟ್ಟೆವು.) ಯಾರಿಗೆ ಚುಚ್ಚುವುದು ಎಂದು ನಾನು ಕೇಳಲಿಲ್ಲ. ಅದು ನನ್ನ ತಪ್ಪು.

ಸೂಜಿ ಹಾಕಿಸಿಕೊಳ್ಳಲು ನಮ್ಮೂರು ತೊಣ್ಣೂರಿನಿಂದ ಪಾಂಡವಪುರದ ಆಸ್ಪತ್ರೆಗೆ ಬಸ್ಸು ಹತ್ತಿದವಳು ಜಯಮ್ಮ. ತಲೆಸುತ್ತು, ವಾಂತಿ, ಹೊಟ್ಟೆಯುಬ್ಬರ. ವಾಂತಿ ಕಂಡು ಪುಟ್ಟತಾಯಿಗೆ ಖುಷಿ, ನನಗೆ ಅನುಮಾನ. ಅದುವರೆಗೆ ಸೀಸೆ ಮಾತ್ರ ಹೋಗುತ್ತಿತ್ತು, ಡಾಕ್ಟರ ಚೀಟಿ ಪುಟ್ಟತಾಯಿಯ ಟ್ರಂಕಿನಲ್ಲಿತ್ತು. ಹೋದ ಮಂಗಳವಾರ ಅದನ್ನು ತೆಗೆದುಕೊಂಡು ನಾನೂ ಜಯಮ್ಮನ ಜೊತೆ ಹೊರಟೆ.

ಕಾಂಪೌಂಡರು ಚೀಟಿ ಓದಿ ಸೂಜಿ ಕೆಳಗಿಟ್ಟ.

"ನಿಂಗರಾಜು ಯಾರಜ್ಜಿ? ಇದು ಅವ್ರಿಗ್ ಬರ್ದಿರದು."

ಮನೆಗೆ ಬಂದು ಮೊಮ್ಮಗನನ್ನು ಹಿಡಿದೆ. ನೆಲ ನೋಡಿಕೊಂಡು, "ಯಾರ್ ಚುಚ್ಚುಸ್ಕಂಡ್ರೇನಜ್ಜಿ, ಮಗ ಇಬ್ಬುರ್ಗೂ ತಾನೆ?" ಎಂದ. ಎಸ್ಸೆಸ್ಸೆಲ್ಸಿ ಪಾಸು ಇವನು. ಪುಟ್ಟತಾಯಿಯದು ಇನ್ನೊಂದು ರಾಗ. ಮಕ್ಕಳಾಗಲು ಗಂಡಸು ಸೂಜಿ ಹಾಕಿಸಿಕೊಂಡ ಎಂದರೆ ಊರವರು ಏನೆಂದಾರು? ಬಸುರಾಗುವವಳು ಅವಳಾದರೆ ಔಷಧವೂ ಅವಳಿಗೇ ತಾನೇ?

ಡಾಕ್ಟರು ಹೇಳುವಾಗ ಜಯಮ್ಮನೂ ಎದುರಿಗಿದ್ದಳಲ್ಲ? ಗೊತ್ತಿದ್ದೂ ಯಾಕೆ ಚುಚ್ಚಿಸಿಕೊಂಡೆ ಎಂದು ಬೈದೆ. ಒಲೆ ಊದುವುದನ್ನು ನಿಲ್ಲಿಸದೆ ಹೇಳಿದಳು.

"ಒಲ್ಲೆ ಅಂದಿದ್ರೆ, ಮದ್ದೂ ತಕಳಕಿಲ್ಲ ಇವ್ಳು ಅಂತ ನಾಗಮಂಗ್ಲದವ್ಳನ್ನ ತಂದ್ಬುಡೋರು ಕಣಜ್ಜಿ."

ಆಮೇಲೆ ನಾನು ಅವಳನ್ನು ಬೈಯಲಿಲ್ಲ.

ಈಗ ನಿಂಗರಾಜು ಒಪ್ಪಿದ್ದಾನೆ. ಆದರೆ ಪಾಂಡವಪುರದಲ್ಲಿ ಬೇಡವಂತೆ, ಗುರುತಿನವರು ನೋಡುತ್ತಾರಂತೆ. ಕೆ.ಆರ್.ಪೇಟೆಗೆ ಹೋಗಿ ಹಾಕಿಸಿಕೊಳ್ಳುತ್ತಾನಂತೆ. ಎಲ್ಲಿಗಾದರೂ ಹಾಳಾಗಿ ಹೋಗಲಿ, ಹಾಕಿಸಿಕೊಂಡರೆ ಸಾಕು. ಪುಟ್ಟತಾಯಿ ಮಾತ್ರ ನಾಗಮಂಗಲಕ್ಕೆ ಹೇಳಿಕಳಿಸುವುದನ್ನು ಇನ್ನೂ ಬಿಟ್ಟಿಲ್ಲ.

ನಮ್ಮ ಕೊಟ್ಟಿಗೆಯಲ್ಲಿ ಹಸು ಗಬ್ಬ ನಿಲ್ಲದಿದ್ದರೆ, "ಓರಿ ಸರೀಗಿಲ್ಲ, ಬ್ಯಾರೇದುಕ್ ಬುಡಿ" ಎನ್ನುವವಳೂ ಇವಳೇ. ಹಾಗಾದರೆ ಜಯಮ್ಮನಿಗೆ ನಾನೊಂದು ಬೇರೆ ಗಂಡು ನೋಡಲೇ?