ನೀಲಿ ಚುಕ್ಕೆಯ ಪೈಪು

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಕಾರುಗಳಿಗೆ ರಬ್ಬರ್ ಪೈಪು ಮಾಡಿಕೊಡುತ್ತಾಳೆ. ಎಣ್ಣೆಯದೋ ನೀರಿನದೋ ಗಾಳಿಯದೋ, ಹಳೆಯ ಪೈಪು ತಂದುಕೊಟ್ಟರೆ ಅದೇ ಉದ್ದದ, ಅದೇ ಬಾಗಿನ ಹೊಸದು ಸಿಗುತ್ತದೆ. ಬೀದಿಯಲ್ಲಿ ಎಲ್ಲರೂ ಅವಳನ್ನು ಪೈಪಕ್ಕ ಎನ್ನುತ್ತಾರೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಳತೆ ತಾರದೆ ಬಂದ ಗಿರಾಕಿಯನ್ನು, ಚಪ್ಪಲಿ ಕೊಳ್ಳೋಕೂ ಕಾಲು ಮನೇಲಿ ಬಿಟ್ಟು ಹೋಗ್ತೀರಾ ಎಂದು ಕೇಳಿ ವಾಪಸು ಕಳಿಸುತ್ತಾಳೆ. ಆದರೆ ಕೆಲಸಕ್ಕೆ ಕೂತರೆ ಅವಸರವಿಲ್ಲ. ಕಬ್ಬಿಣದ ನಳಿಕೆಗೆ ರಬ್ಬರ್ ತೊಡಿಸುವ ಮುನ್ನ ಅದರ ಬಾಯಿಗೆ ಎಣ್ಣೆ ಸವರುತ್ತಾಳೆ. ಆಮೇಲೆ ನಿಧಾನವಾಗಿ ತಿರುಗಿಸುತ್ತ ದೂಡುತ್ತಾಳೆ. ಒಣಗಿದ ಗಂಟಲಿಗೆ ತುತ್ತು ಇಳಿಯುವುದಿಲ್ಲ ಎಂಬುದು ಅವಳ ಮಾತು. ಮೂವತ್ತು ವರ್ಷದಲ್ಲಿ ಒಂದೇ ಒಂದು ಸಲ ಮಾತ್ರ ಅವಳು ಆ ಎಣ್ಣೆ ಸವರದೆ ಬಿಟ್ಟಳು.

ಆಗ ಅವಳ ಜಾಗ ರಸ್ತೆಯ ಆಚೆ ಬದಿಯ ಶೆಡ್ಡಿನಲ್ಲಿ, ಗೇಟಿನ ಪಕ್ಕದ ಕೋಣೆಯಾಗಿತ್ತು. ಎಂಟಡಿ ಉದ್ದ, ಆರಡಿ ಅಗಲ, ಗೇಟಿನತ್ತ ಒಂದು ಕಿಟಕಿ. ಶೆಡ್ಡನ್ನು ಬಾಡಿಗೆಗೆ ಹಿಡಿದು ನಡೆಸಿದವನು ನನ್ನ ಅಜ್ಜ. ಹಳೆಯ ಕಾರುಗಳ ಸ್ಟೀರಿಂಗ್ ಕೆಲಸಕ್ಕೆ ಅಜ್ಜನದು ದೊಡ್ಡ ಹೆಸರು. ಅಲ್ಲಿ ಅವನದೊಂದು ಕಟ್ಟಳೆ ಇತ್ತು: ಬಿಚ್ಚಿದವರೇ ಕಟ್ಟಬೇಕು. ಕಟ್ಟಿದ ಮೇಲೆ ಆ ನಟ್ಟಿನ ಅಥವಾ ಕ್ಲಿಪ್ಪಿನ ಮೇಲೆ ತಮ್ಮ ಬಣ್ಣದ ಒಂದು ಚುಕ್ಕೆ ಇಡಬೇಕು. ದೊಡ್ಡಪ್ಪನದು ಹಳದಿ, ಅಪ್ಪನದು ಬಿಳಿ, ಅತ್ತೆಯದು ನೀಲಿ. ಮುಂದೆ ಅಲ್ಲಿ ಏನು ಕೆಟ್ಟರೂ ಚುಕ್ಕೆ ಇಟ್ಟವರೇ ಹೊಣೆ.

ಕೈಯಲ್ಲಿ ಆಗದಂತಾದಾಗ ಅಜ್ಜ ಶೆಡ್ಡನ್ನು ಪಾಲು ಮಾಡಿದ. ಬಲಭಾಗ ದೊಡ್ಡಪ್ಪನಿಗೆ, ಎಡಭಾಗ ಅಪ್ಪನಿಗೆ. ಅತ್ತೆ ಹದಿನಾಲ್ಕನೆಯ ವಯಸ್ಸಿನಿಂದ ಅಲ್ಲೇ ದುಡಿದವಳು. ತನಗೂ ಒಂದು ಪಾಲು ಬೇಕೆಂದಳು. ತಮ್ಮತಮ್ಮಲ್ಲಿ ಯಾವುದಕ್ಕೂ ಒಪ್ಪದ ಅಣ್ಣ ತಮ್ಮ ಇಬ್ಬರೂ ಅದೊಂದಕ್ಕೆ ಮಾತ್ರ ಒಟ್ಟಾಗಿ ಬೇಡವೆಂದರು. ಅಜ್ಜ ಹೇಳಿದ್ದು ಇಷ್ಟು:

"ಇವಳ ಪೈಪು ಕೈಕೊಡೋವರೆಗೂ ಆ ಕೋಣೆ ಇವಳದು. ಕೈಕೊಟ್ಟ ದಿನ ಬೀಗದ ಕೈ ನಿಮ್ಮದು."

ಅದೇ ಮಧ್ಯಾಹ್ನ ಅತ್ತೆ, ಶೆಡ್ಡನ್ನು ಬಾಡಿಗೆಗೆ ಕೊಟ್ಟಿದ್ದ ಯಜಮಾನರ ಕಾರಿಗೆ ಸ್ಟೀರಿಂಗಿನ ಪೈಪೊಂದನ್ನು ತೊಡಿಸಿದಳು. ಸಿಟ್ಟಿನಲ್ಲೇ ಕೆಲಸಕ್ಕೆ ಕೂತೆ ಎಂದು ಅವಳೇ ಹೇಳಿದ್ದಾಳೆ. ಎಣ್ಣೆಯ ಬಟ್ಟಲು ಎರಡು ಹೆಜ್ಜೆ ದೂರದಲ್ಲಿತ್ತು, ಅವಳು ಏಳಲಿಲ್ಲ. ಒಣ ರಬ್ಬರ್ ಒಳಗೆ ಹೋಗದಿದ್ದಾಗ ಸ್ಕ್ರೂಡ್ರೈವರ್ ತೂರಿಸಿ ಬಾಯಿ ಅಗಲಿಸಿ ನೂಕಿದಳು. ಕ್ಲಿಪ್ಪು ಬಿಗಿದು ನೀಲಿ ಚುಕ್ಕೆ ಇಟ್ಟಳು. ಕಾರು ಹೋಯಿತು. ಮರುವರ್ಷ ಅಜ್ಜನೂ ಹೋದ.

ಪಾಲಾದ ವಾರದೊಳಗೆ ಅಪ್ಪನಿಗೂ ದೊಡ್ಡಪ್ಪನಿಗೂ ಒಂದು ಜಾಕಿನ ವಿಷಯಕ್ಕೆ ಜಗಳವಾಗಿ ಮಾತು ನಿಂತಿತು. ದೊಡ್ಡಪ್ಪ ಶೆಡ್ಡಿನ ನಡುವೆ ಹಳದಿ ಗೆರೆ ಎಳೆದ. ಆಮೇಲೆ ನಾಲ್ಕು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಸಾಮಾನುಗಳಿಗೆ ಹೇಳಿದರು. ದೊಡ್ಡಪ್ಪ ಒಂದು ಟೈರಿನ ಮುಂದೆ ನಿಂತು, ಕೆಲವರು ಗೇಟು ಹಾಕದೆ ಹೋಗ್ತಾರಪ್ಪ, ಕತ್ತೆ ಕಾಯೋರು ಅನ್ಕೊಂಡಿದಾರೆ ನಮ್ಮನ್ನ, ಎನ್ನುವನು. ಅಪ್ಪ ತನ್ನ ಸುತ್ತಿಗೆಗೆ, ಕತ್ತೆ ಇದ್ದರೆ ತಾನೆ ಕಾಯೋದು, ಎನ್ನುವನು. ಇಬ್ಬರಿಗೂ ಒಮ್ಮತವಿದ್ದ ಸಂಗತಿ ಒಂದೇ. ಗೇಟಿನ ಕೋಣೆ ಖಾಲಿಯಾದರೆ ಟೈರು ಇಡಲು ಒಳ್ಳೆಯ ಜಾಗ. ಅತ್ತೆಯ ಪೈಪು ಎಲ್ಲಾದರೂ ಸೋರಿತೇ ಎಂದು ಇಬ್ಬರೂ ನೋಡುತ್ತಲೇ ಇದ್ದರು.

ಯಜಮಾನರ ಕಾರು ಮತ್ತೆ ಶೆಡ್ಡಿಗೆ ಬಂದದ್ದು ಬಾಡಿಗೆ ಕರಾರು ಮುಗಿಯಲು ಹನ್ನೆರಡು ದಿನ ಇರುವಾಗ. ಕಾರು ಅವರ ತಂದೆಯ ಕಾಲದ್ದು, ಕೆನೆ ಬಣ್ಣ, ದೋಣಿಯಷ್ಟು ಉದ್ದ. ಆ ಕಾಲಕ್ಕೇ ಪವರ್ ಸ್ಟೀರಿಂಗ್ ಇದ್ದ, ಸ್ಟೀರಿಂಗ್ ಎಡಕ್ಕಿದ್ದ ವಿದೇಶಿ ಕಾರು. ಇಂಥ ಕಾರಿನಲ್ಲಿ ಚಕ್ರ ತಿರುಗಿಸುವ ಭಾರವನ್ನು ಎಣ್ಣೆ ಹೊರುತ್ತದೆ. ಎಂಜಿನ್ನಿನ ಬಲಕ್ಕಿರುವ ಪಂಪು ಎಣ್ಣೆಯನ್ನು ಒತ್ತಿ ಎಡಕ್ಕಿರುವ ಸ್ಟೀರಿಂಗ್ ಬಾಕ್ಸಿಗೆ ಕಳಿಸುತ್ತದೆ. ಕೆಲಸ ಮುಗಿಸಿದ ಎಣ್ಣೆ ರಿಟರ್ನ್ ಪೈಪಿನಲ್ಲಿ ಪಂಪಿಗೆ ಮರಳುತ್ತದೆ. ಈಗ ಸ್ಟೀರಿಂಗ್ ಕಲ್ಲಿನಂತೆ ಭಾರ, ತಿರುಗಿಸಿದರೆ ಪಂಪಿನಿಂದ ನರಳುವ ಸದ್ದು. ಯಜಮಾನರು ಕಾರಿನ ಬೀಗದ ಕೈಯನ್ನು ಬಾನೆಟ್ಟಿನ ಮೇಲೆ ಎಸೆದು, ನನ್ನ ಕಾರನ್ನೇ ತಿರುಗಿಸಲಾಗದವರಿಗೆ ನನ್ನ ಶೆಡ್ಡು ಯಾಕೆ, ಇದು ಸರಿಯಾಗದಿದ್ದರೆ ಹೊಸ ಕರಾರು ಇಲ್ಲ ಎಂದು ಹೇಳಿ ನಡೆದೇ ಹೋದರು.

ಕಾರು ಉದ್ದವಾದ್ದರಿಂದ ಶೆಡ್ಡಿನ ನಡುವೆಯೇ ನಿಲ್ಲಿಸಬೇಕಾಯಿತು. ಹಳದಿ ಗೆರೆ ಅದರ ಹೊಟ್ಟೆಯ ಕೆಳಗೆ ಹಾದುಹೋಯಿತು. ಪಂಪು ದೊಡ್ಡಪ್ಪನ ಕಡೆ, ಬಾಕ್ಸು ಅಪ್ಪನ ಕಡೆ.

ಇಬ್ಬರೂ ಕೆಲಸ ಬಲ್ಲವರು, ಅದನ್ನು ಇಲ್ಲವೆನ್ನಲಾರೆ. ದೊಡ್ಡಪ್ಪ ಬೆಲ್ಟು ನೋಡಿದ. ನುಣುಪಾಗಿ ಜಾರುತ್ತಿದೆ ಎನ್ನಿಸಿ ಹೊಸದು ಹಾಕಿದ. ಎಣ್ಣೆಯಲ್ಲಿ ನೊರೆ ಇತ್ತು. ಅದನ್ನು ಚೆಲ್ಲಿ, ಪಂಪಿನ ಮುಚ್ಚಳ ಬಿಚ್ಚಿ ತೊಳೆದು ಕಟ್ಟಿ, ಹೊಸ ಎಣ್ಣೆ ತುಂಬಿದ. ಅಪ್ಪ ಮುಂದಿನ ಚಕ್ರಗಳ ಗಾಳಿ ಅಳೆದ. ಜಾಕು ಕೊಟ್ಟು ಚಕ್ರ ಎತ್ತಿ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಗಾಳಿಗುಳ್ಳೆ ಹೊರಡಿಸಿದ. ಬಾಕ್ಸಿನಿಂದ ಚಕ್ರಕ್ಕೆ ಹೋಗುವ ತೋಳನ್ನು ಕಳಚಿ, ಬಾಕ್ಸನ್ನೂ ಚಕ್ರಗಳನ್ನೂ ಬೇರೆಬೇರೆಯಾಗಿ ಆಡಿಸಿ ನೋಡಿದ. ಎಲ್ಲವೂ ಸಲೀಸು. ಎಂಜಿನ್ ಶುರುಮಾಡಿದರೆ ಹತ್ತು ನಿಮಿಷ ಹಗುರ, ಆಮೇಲೆ ಮತ್ತೆ ಭಾರ.

ಪಂಪಿಗೂ ಬಾಕ್ಸಿಗೂ ನಡುವಿನ ರಿಟರ್ನ್ ಪೈಪನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ. ಅದರ ಕ್ಲಿಪ್ಪಿನ ಮೇಲೆ ನೀಲಿ ಚುಕ್ಕೆ ಇತ್ತು, ಒಂದು ತೊಟ್ಟೂ ಸೋರುತ್ತಿರಲಿಲ್ಲ. ಸೋರದ ಪೈಪನ್ನು ಬಿಚ್ಚಿ ಹೊಣೆ ಹೊರುವವರು ಯಾರು?

ಬದಲಿಗೆ ಇಬ್ಬರೂ ಬಾಕ್ಸಿನ ನೆತ್ತಿಯ ಮೇಲಿದ್ದ ವಾಲ್ವಿನ ನಟ್ಟಿಗೆ ಕೈಹಾಕಿದರು. ಎಣ್ಣೆ ಎಡಕ್ಕೆಷ್ಟು ಬಲಕ್ಕೆಷ್ಟು ಎಂದು ಹಂಚುವ ನಟ್ಟು ಅದು, ಕೂದಲೆಳೆಯ ಲೆಕ್ಕದ್ದು. ಬಾಕ್ಸು ನನ್ನದು ಎಂದು ಅಪ್ಪ, ಎಣ್ಣೆ ನನ್ನದು ಎಂದು ದೊಡ್ಡಪ್ಪ. ಬೆಳಿಗ್ಗೆ ಬೇಗ ಬಂದ ದಿನ ಅಪ್ಪ ಕಾಲು ಸುತ್ತು ಸಡಿಲಿಸುವನು. ಸಂಜೆ ಕೊನೆಗೆ ಹೋದ ದಿನ ದೊಡ್ಡಪ್ಪ ಕಾಲು ಸುತ್ತು ಬಿಗಿಯುವನು. ಯಾರೂ ಚುಕ್ಕೆ ಇಡಲಿಲ್ಲ, ಯಾರೂ ಬಾಯಿ ಬಿಡಲಿಲ್ಲ. ಏಳನೆಯ ದಿನದ ಹೊತ್ತಿಗೆ ಎಂಜಿನ್ ಶುರುವಾದರೆ ಸಾಕು, ಯಾರೂ ಮುಟ್ಟದೆ ಸ್ಟೀರಿಂಗ್ ತಾನೇ ಎಡಕ್ಕೆ ಹೊರಳತೊಡಗಿತು. ನೋಡಪ್ಪ, ಇದಕ್ಕೂ ನಮ್ಮ ಕಡೆ ಇರೋಕೆ ಇಷ್ಟ ಇಲ್ಲ, ಎಂದ ದೊಡ್ಡಪ್ಪ ಟೈರಿಗೆ. ಅಪ್ಪ ಸುತ್ತಿಗೆಗೆ ಹೇಳಿದ್ದನ್ನು ಬರೆಯುವಂತಿಲ್ಲ.

ಅತ್ತೆ ಇದನ್ನೆಲ್ಲ ಕೋಣೆಯ ಬಾಗಿಲಿನಿಂದಲೂ ಕಿಟಕಿಯಿಂದಲೂ ನೋಡುತ್ತಿದ್ದಳು. ಕಾರನ್ನು ಗೇಟಿನಾಚೆ ಓಡಿಸಿ ತರುವಾಗ ಅವಳ ಕಣ್ಣು ಸ್ಟೀರಿಂಗ್ ಹಿಡಿದ ಕೈಗಳ ಮೇಲೆ. ಹೊರಡುವಾಗ ಒಂದು ಕೈ, ಮರಳುವಾಗ ಎರಡು ಕೈ ಮತ್ತು ಎರಡು ಭುಜ. ಬಿಸಿಯಾದ ಮೇಲೆ ಬಿಗಿಯಾಗುವುದೆಂದರೆ ಕಬ್ಬಿಣವಲ್ಲ, ರಬ್ಬರ್ ಎಂದು ಅವಳಿಗೆ ಅನ್ನಿಸಿತು. ಒಂಬತ್ತನೆಯ ದಿನ, ಎಂಜಿನ್ ಓಡುತ್ತಿರುವಾಗ, ಕ್ಲಿಪ್ಪು ಹುಡುಕುವ ನೆಪದಲ್ಲಿ ಬಂದು ರಿಟರ್ನ್ ಪೈಪನ್ನು ಹಿಚುಕಿ ನೋಡಿದಳು. ಬಾಕ್ಸಿನ ಬುಡದಲ್ಲಿ ಕಲ್ಲಿನಷ್ಟು ಗಟ್ಟಿ, ಒಂದು ಗೇಣು ಆಚೆ ಮೆತ್ತಗೆ. ಒಳಗೆ ಏನೋ ಅಡ್ಡ ನಿಂತಿತ್ತು.

ಆಗ ಅವಳಿಗೆ ಆ ಮಧ್ಯಾಹ್ನ ನೆನಪಾಯಿತು. ನೇರ ಕೋಣೆಗೆ ಹೋದಳು. ಎರಡು ದಿನ ಯಾರ ಜೊತೆಗೂ ಜಗಳವಾಡಲಿಲ್ಲ. ಮೈ ಹುಷಾರಿಲ್ಲವೇ ಎಂದು ಗಿರಾಕಿಗಳೇ ಕೇಳಿದರಂತೆ. ಸುಮ್ಮನಿದ್ದರೆ ಶೆಡ್ಡಿನ ಜೊತೆ ಕೋಣೆಯೂ ಹೋಗುತ್ತದೆ. ಬಾಯಿ ಬಿಟ್ಟರೆ ಶೆಡ್ಡು ಉಳಿದು ಕೋಣೆ ಮಾತ್ರ ಹೋಗುತ್ತದೆ.

ಹನ್ನೊಂದನೆಯ ದಿನ, ಅಣ್ಣ ತಮ್ಮ ಎರಡು ಮೂಲೆಗಳಲ್ಲಿ ಬೆನ್ನು ಮಾಡಿ ಊಟಕ್ಕೆ ಕೂತಾಗ, ಅವಳು ಸ್ಪ್ಯಾನರ್ ಹಿಡಿದು ಬಂದು ಪೈಪು ಬಿಚ್ಚಿದಳು. ಕೋಣೆಗೆ ಒಯ್ದು ಉದ್ದಕ್ಕೆ ಸೀಳಿದಳು. ಒಳಗೋಡೆಯ ರಬ್ಬರಿನಿಂದ ಬೆರಳಿನುದ್ದದ ಒಂದು ಸಿಪ್ಪೆ ಎದ್ದಿತ್ತು. ತಣ್ಣಗಿದ್ದಾಗ ಅದು ಗೋಡೆಗೆ ಅಂಟಿಕೊಂಡಿರುತ್ತಿತ್ತು. ಬಿಸಿ ಎಣ್ಣೆಗೆ ಮೆತ್ತಗಾಗಿ ಎದ್ದು, ಬಾಗಿಲಿನಂತೆ ದಾರಿ ಮುಚ್ಚುತ್ತಿತ್ತು. ಸಿಪ್ಪೆಯ ಪಕ್ಕದಲ್ಲಿ ಸ್ಕ್ರೂಡ್ರೈವರ್ ಗೀರಿದ ಗುರುತು ಸ್ಪಷ್ಟವಾಗಿತ್ತು.

ಹೊಸ ಪೈಪು ಮಾಡಿ, ತೊಡಿಸಿ, ಹಳೆಯ ಜಾಗದಲ್ಲೇ ನೀಲಿ ಚುಕ್ಕೆ ಇಟ್ಟುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗೆ ಮಾಡಬೇಕೆಂದೇ ಹೊರಟಿದ್ದೆ ಎಂದು ಅತ್ತೆ ಒಪ್ಪಿಕೊಂಡಿದ್ದಾಳೆ. ಅಡ್ಡ ಬಂದದ್ದು ಆ ನಟ್ಟು. ಪೈಪು ಸರಿಯಾದರೂ ಸ್ಟೀರಿಂಗ್ ಎಡಕ್ಕೆ ಹೊರಳುವುದು ನಿಲ್ಲುವುದಿಲ್ಲ. ಯಾರು ಎಷ್ಟು ಸುತ್ತು ತಿರುಗಿಸಿದರೆಂದು ಗೊತ್ತಾಗದೆ ನಟ್ಟು ಮೊದಲಿನ ಜಾಗಕ್ಕೆ ಬರುವುದಿಲ್ಲ. ಇವರಿಬ್ಬರೂ ತಾವಾಗಿ ತಪ್ಪು ಒಪ್ಪುವವರಲ್ಲ. ಇನ್ನೊಬ್ಬರು ಮೊದಲು ತಲೆ ತಗ್ಗಿಸಿದರೆ ಮಾತ್ರ, ಆ ಖುಷಿಗೆ ಬಾಯಿ ಬಿಡುವವರು.

ಅವಳು ಸೀಳಿದ ಪೈಪನ್ನು ತಂದು ಬಾನೆಟ್ಟಿನ ಮೇಲೆ, ಸರಿಯಾಗಿ ಹಳದಿ ಗೆರೆಯ ನೇರಕ್ಕೆ ಇಟ್ಟಳು.

"ಬಿಚ್ಚಿದ್ದು ನಾನು. ತಪ್ಪೂ ನನ್ನದೇ. ಅವತ್ತು ಎಣ್ಣೆ ಸವರದೆ ತುರುಕಿದ್ದೆ."

ದೊಡ್ಡಪ್ಪ ಕೈ ಒರೆಸಿಕೊಂಡು ಬಂದು ಪೈಪನ್ನು ಬೆಳಕಿಗೆ ಹಿಡಿದ. ಅಪ್ಪ ಇನ್ನೊಂದು ಬದಿಯಿಂದ ಬಗ್ಗಿ ನೋಡಿದ. ದೊಡ್ಡಪ್ಪ ತಲೆ ಎತ್ತಿ, ಟೈರಿಗಲ್ಲ, ನೇರವಾಗಿ ತಮ್ಮನಿಗೇ ಕೇಳಿದ:

"ಅಪ್ಪ ಏನು ಹೇಳಿದ್ರು, ನೆನಪಿದೆಯೇನೋ?"

"ನೆನಪಿಲ್ಲದೆ ಏನಣ್ಣ," ಎಂದ ಅಪ್ಪ. "ಬೀಗದ ಕೈ ನಮ್ಮದು."

ನಾಲ್ಕು ವರ್ಷಗಳ ನಂತರ ಅಣ್ಣ ತಮ್ಮ ಆಡಿದ ಮೊದಲ ಮಾತು ಇದು. ನನ್ನ ಅಪ್ಪನ ಮಾತನ್ನು ಮೆತ್ತಗೆ ಮಾಡಿ ಬರೆಯಬಹುದಿತ್ತು, ಆದರೆ ಅವನು ಹೇಳಿದ್ದು ಹೀಗೆಯೇ.

ಅತ್ತೆ ಕೈಕಟ್ಟಿ ನಿಂತಿದ್ದಳು. "ಕೋಣೆಗೇನು ಕಾಲು ಬಂದಿಲ್ಲ, ಓಡಿಹೋಗಲ್ಲ. ಮೊದಲು ನಟ್ಟಿನ ಲೆಕ್ಕ ಹೇಳಿ. ಕಳ್ಳರ ಹಾಗೆ ಯಾರು ಎಷ್ಟು ತಿರುಗಿಸಿದ್ರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೋಣೆ ಕೈಗೆ ಬಂದ ಗೆಲುವಿನಲ್ಲಿ ದೊಡ್ಡಪ್ಪ ಮೊದಲು ಹೇಳಿದ: ಬಿಗಿದದ್ದು ಐದು ಸಲ, ಒಂದೊಂದು ಸಲ ಕಾಲು ಸುತ್ತು. ಅಪ್ಪ ಸಡಿಲಿಸಿದ್ದು ಮೂರು. ನೀನು ಮೂರು ಸಡಿಲಿಸಿದ್ದಕ್ಕೇ ನಾನು ಐದು ಬಿಗಿಯಬೇಕಾಯಿತು ಎಂದು ದೊಡ್ಡಪ್ಪ, ನೀನು ಬಿಗಿಯದಿದ್ದರೆ ನಾನು ಮುಟ್ಟುತ್ತಲೇ ಇರಲಿಲ್ಲ ಎಂದು ಅಪ್ಪ. ಜಗಳ ಬಾಯಿಗೆ ಬಾಯಿ ಹೊಸದಾಗಿ ಶುರುವಾಯಿತು. ಅತ್ತೆ ನಡುವೆ ಕೈ ತೂರಿಸಿ ನಟ್ಟನ್ನು ಎರಡು ಸಲ ಕಾಲು ಸುತ್ತು, ಅಂದರೆ ಅರ್ಧ ಸುತ್ತು ಸಡಿಲಿಸಿ ನೀಲಿ ಚುಕ್ಕೆ ಇಟ್ಟಳು. ಆಮೇಲೆ ಕೋಣೆಯಲ್ಲಿ ಕೂತು ಹೊಸ ಪೈಪು ಕತ್ತರಿಸಿದಳು. ಬಾಯಿಗೆ ಎಣ್ಣೆ ಸವರಿದಳು, ತಿರುಗಿಸುತ್ತ ತಿರುಗಿಸುತ್ತ ತೊಡಿಸಿದಳು.

ಮರುದಿನ ಯಜಮಾನರು ಒಂದು ಗಂಟೆ ಕಾರು ಓಡಿಸಿ, ಮರಳಿ ಗೇಟಿನೊಳಗೆ ಒಂದೇ ಕೈಯಲ್ಲಿ ತಿರುಗಿಸಿದರು. ಏನು ಕೆಟ್ಟಿತ್ತು ಎಂದು ಕೇಳಿದಾಗ ಅಣ್ಣ ತಮ್ಮ ಒಂದೇ ದನಿಯಲ್ಲಿ ಅತ್ತೆಯ ಪೈಪನ್ನು ತೋರಿಸಿದರು. ನಟ್ಟಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಅತ್ತೆಯೂ ಎತ್ತಲಿಲ್ಲ. ಯಜಮಾನರು ಅವಳನ್ನೊಮ್ಮೆ ನೋಡಿ, ಎರಡು ಹೆಸರಿಗೆ ಕರಾರು ಬರೆದುಕೊಟ್ಟು ಹೋದರು.

ಅತ್ತೆ ಕೋಣೆ ಖಾಲಿ ಮಾಡತೊಡಗಿದಳು. ಪೈಪಿನ ತುದಿ ಒತ್ತುವ ಪ್ರೆಸ್ಸು ನೆಲಕ್ಕೆ ನಾಲ್ಕು ಬೋಲ್ಟಿನಲ್ಲಿ ಕೂತಿತ್ತು. ಅಪ್ಪ ಸಹಾಯಕ್ಕೆಂದು ಸ್ಪ್ಯಾನರ್ ತಂದ. ಇಲ್ಲಿ ನಾಲ್ಕಕ್ಕೂ ನೀಲಿ ಚುಕ್ಕೆ ಇದೆ, ಕಣ್ಣು ಕಾಣಲ್ವಾ ಎಂದು ಅವನನ್ನು ದೂರ ನಿಲ್ಲಿಸಿ ಅವಳೇ ಬಿಚ್ಚಿದಳು. ರಸ್ತೆಯ ಈಚೆಗೆ, ಟೈಲರ್ ಅಂಗಡಿಯ ಪಕ್ಕದಲ್ಲಿ, ಶೆಡ್ಡಿನ ಗೇಟಿಗೆ ನೇರ ಎದುರಾಗಿ ಒಂದು ಮಳಿಗೆ ಹಿಡಿದಳು. ಕೋಣೆಯ ಬೀಗದ ಕೈಯನ್ನು ಬಾನೆಟ್ಟು ಒರೆಸುವ ಬಟ್ಟೆಯಲ್ಲಿ ಸುತ್ತಿ ಹಳದಿ ಗೆರೆಯ ಮೇಲೆ ಇಟ್ಟು ಬಂದಳು. ಅದನ್ನು ಯಾರು ಎತ್ತಿಕೊಳ್ಳಬೇಕೆಂದು ಸಂಜೆಯವರೆಗೂ ಜಗಳ ನಡೆಯಿತು.

ಈಗ ಅವಳು ಹೊಸದನ್ನು ಮಾಡುವ ಮೊದಲು ಹಳೆಯ ಪೈಪನ್ನು ಉದ್ದಕ್ಕೆ ಸೀಳಿ ನೋಡುತ್ತಾಳೆ. ಅಂಗಡಿಯ ಬಾಗಿಲಲ್ಲಿ, ಮೊಳೆಯ ಮೇಲೆ, ಆ ಸೀಳಿದ ರಿಟರ್ನ್ ಪೈಪು ತೂಗುತ್ತದೆ. ಇದೇನು ಎಂದು ಕೇಳಿದವರಿಗೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳುತ್ತಾಳೆ. ತನ್ನ ಸ್ಕ್ರೂಡ್ರೈವರ್ ಗುರುತನ್ನು ಬೆರಳಿಟ್ಟು ತೋರಿಸುತ್ತಾಳೆ, ಆಮೇಲೆ ಐದು ಮತ್ತು ಮೂರರ ಲೆಕ್ಕವನ್ನೂ ಹೇಳುತ್ತಾಳೆ. ಬೀದಿಯ ಮೆಕ್ಯಾನಿಕ್ಕುಗಳು ಅಪ್ಪನನ್ನು ಮೂರು ಎಂದೂ ದೊಡ್ಡಪ್ಪನನ್ನು ಐದು ಎಂದೂ ಕರೆಯತೊಡಗಿದರು.

ಒಂದು ದಿನ ಪೈಪು ಬೇಕಾಗಿ ರಸ್ತೆ ದಾಟಿ ಬಂದ ಅಪ್ಪ, ಅದನ್ನು ಇಳಿಸಿಬಿಡು ಅಕ್ಕ, ಮನೆಯ ಮಾನ ಹೋಗುತ್ತಿದೆ ಎಂದ. ಅಣ್ಣನೂ ಹಾಗೇ ಹೇಳಿ ಕಳಿಸಿದ್ದಾನೆ ಎಂದ.

ಅತ್ತೆ ಅಳತೆಯ ಪಟ್ಟಿಯನ್ನು ಬಿಡಿಸುತ್ತಿದ್ದಳು.

"ಬಿಚ್ಚಿದವರೇ ಕಟ್ಟಬೇಕು ಅಂದ್ರೆ, ಕಟ್ಟಿದವರೇ ಬಿಚ್ಚಬೇಕು. ಅದನ್ನ ನೇತುಹಾಕಿದವಳು ನಾನು. ಬೇಕಾದಾಗ ನಾನೇ ಇಳಿಸ್ತೀನಿ. ನಿನಗೆ ಎಷ್ಟು ಉದ್ದ ಬೇಕು, ಅದನ್ನ ಹೇಳು."

ಅಪ್ಪ ಗೇಟಿನ ಕಡೆ ಒಮ್ಮೆ ನೋಡಿ, ಎರಡೂವರೆ ಅಡಿ ಎಂದ.