ಕರಿಹಲಗೆ ಇರುವ ಶಾಲೆ

ಧನಕವಡಿಯ ಬಸ್ ಸ್ಟಾಪಿನ ಎದುರಿಗಿರುವ ಕನ್ನಡಕದ ಅಂಗಡಿಯಲ್ಲಿ ಶೈಲಾ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ಇಂಡಿ ತಾಲೂಕಿನಿಂದ ಮದುವೆಯಾಗಿ ಪುಣೆಗೆ ಬಂದವಳು ಮೊದಮೊದಲು ಫ್ರೇಮು ಒರೆಸಿಡುತ್ತಿದ್ದಳು. ಆಮೇಲೆ ಗಾಜು ಕೂರಿಸಲು ಕಲಿತಳು. ಈಗ ಮಾಲಕರು ಇಲ್ಲದ ಹೊತ್ತಿನಲ್ಲಿ ಅಂಗಡಿಯೇ ಅವಳದು. ಡಾಕ್ಟರರ ಚೀಟಿಯ ಮೇಲಿನ ನಂಬರು ನೋಡಿ, ಮುಖ ನೋಡದೆಯೇ ಗಿರಾಕಿಯ ವಯಸ್ಸು ಹೇಳುತ್ತಿದ್ದಳು. ಇತ್ತೀಚೆಗೆ ಆ ಅಂದಾಜು ತಪ್ಪತೊಡಗಿತ್ತು. ಕಾಲೇಜು ಹುಡುಗರದಿರಬೇಕು ಅಂದುಕೊಂಡ ನಂಬರು ಎರಡನೇ ಇಯತ್ತೆಯಲ್ಲಿ ಓದುವ ಮಗುವಿನದಾಗಿರುತ್ತಿತ್ತು.

ಮಗಳು ಶರಣ್ಯಾಳ ಗಾಜನ್ನೂ ಅವಳೇ ಕೂರಿಸುತ್ತಿದ್ದಳು. ಮೂರನೇ ಇಯತ್ತೆಯಲ್ಲಿ ಮೈನಸ್ ಒಂದು ಇದ್ದದ್ದು ಐದನೆಯದು ಮುಗಿಯುವಷ್ಟರಲ್ಲಿ ಮೂರೂವರೆ ಆಗಿತ್ತು. ಆ ಎರಡು ವರ್ಷದ ಆರಂಭದಲ್ಲೇ ಶಾಲೆಯವರು ಪುಸ್ತಕ ನಿಲ್ಲಿಸಿ ಮಕ್ಕಳಿಗೆಲ್ಲ ಟ್ಯಾಬ್ ಕೊಟ್ಟಿದ್ದರು. ಪಾಠ ಅದರಲ್ಲಿ, ಪರೀಕ್ಷೆ ಅದರಲ್ಲಿ, ಮನೆಯಲ್ಲಿ ಕೂತು ಬರೆಯುವ ಅಭ್ಯಾಸವೂ ಅದರಲ್ಲಿ. ಪಾಲಕರ ಸಭೆಯಲ್ಲಿ ಶೈಲಾ ಎದ್ದು ನಿಂತು, ಒಂದೆರಡು ವಿಷಯಕ್ಕಾದರೂ ಪುಸ್ತಕ ಕೊಡಿ ಎಂದು ಮರಾಠಿಯಲ್ಲಿ ಕೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ವೇದಿಕೆಯ ಮೇಲಿದ್ದ ಮೇಡಂ ಮಾತ್ರ ನಗಲಿಲ್ಲ. ಕಣ್ಣಿನ ಚಿಂತೆಯಿದ್ದರೆ ನೀಲಿ ಬೆಳಕು ತಡೆಯುವ ಗಾಜು ಸಿಗುತ್ತದೆ, ಅದನ್ನು ಹಾಕಿಸಿ ಎಂದು ಸಮಾಧಾನ ಹೇಳಿದರು. ದಿನಕ್ಕೆ ಹತ್ತು ಜನಕ್ಕೆ ಆ ಗಾಜು ಮಾರುವವಳು ಶೈಲಾ. ಅದು ಏನು ತಡೆಯುತ್ತದೆ, ಏನು ತಡೆಯುವುದಿಲ್ಲ ಎಂಬುದು ಆ ಸಭೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮಾರ್ಚಿನಲ್ಲಿ ಒಬ್ಬ ಟೀಚರು ಕಡ್ಡಿ ಸಡಿಲಾದ ಕನ್ನಡಕ ತಂದುಕೊಟ್ಟರು. ಬಿಚ್ಚಿ ನೋಡಿದರೆ ಸ್ಕ್ರೂ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಕೂತಿತ್ತು. ಸೀಮೆಸುಣ್ಣ. ಶೈಲಾ ಅದನ್ನು ಕೆರೆದು ತೆಗೆಯುತ್ತಲೇ, ನೀವು ಯಾವ ಶಾಲೆಯವರು ಎಂದು ಕೇಳಿದಳು. ಕೊಂಢವಾ ಬಡಾವಣೆಯಲ್ಲಿ ಸಿಸ್ಟರುಗಳು ನಡೆಸುವ ಕಾನ್ವೆಂಟು. ಅಲ್ಲಿ ಎಂಟನೆಯ ತನಕ ವಾರಕ್ಕೆ ಎರಡು ಪಿರಿಯಡ್ ಮಾತ್ರ ಕಂಪ್ಯೂಟರು, ಉಳಿದದ್ದೆಲ್ಲ ಹಲಗೆ ಮತ್ತು ಬರೆಯುವ ವಹಿ ಎಂದು ಟೀಚರು ಸ್ವಲ್ಪ ಸಂಕೋಚದಿಂದಲೇ ಹೇಳಿದರು. ಶೈಲಾ ಅವತ್ತು ಅವರಿಂದ ಹಣ ತೆಗೆದುಕೊಳ್ಳಲಿಲ್ಲ.

ಮಗಳನ್ನು ಆ ಶಾಲೆಗೆ ಸೇರಿಸುವ ಮಾತು ಎತ್ತಿದಾಗ ಮನೆಯಲ್ಲಿ ಯಾರಿಗೂ ಅದು ಹಿಡಿಸಲಿಲ್ಲ. ಗಂಡ ಶಿವಪ್ರಕಾಶ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಅಲ್ಲಿಯ ಸೇಠನ ಮೊಮ್ಮಗನೂ ಟ್ಯಾಬ್‌ನಲ್ಲೇ ಓದುವವನು. "ಎಲ್ಲಾರೂ ಮುಂದ ಹೊಂಟಾರ, ನೀ ಒಬ್ಬಾಕಿ ಹಿಂದ ನಡದಿ ನೋಡು," ಎಂದ ಅವನು ಊಟಕ್ಕೆ ಕೂತಲ್ಲೇ. ಅತ್ತೆ ರುದ್ರವ್ವನ ಚಿಂತೆ ಬೇರೆ. ಆ ಶಾಲೆಯಲ್ಲಿ ಮೊಮ್ಮಗಳ ಕೊರಳಿನ ಲಿಂಗ ತೆಗೆಸಿ ಶಿಲುಬೆ ಹಾಕಿಸಿದರೆ ಏನು ಗತಿ? ಶರಣ್ಯಾ ಅತ್ತಳು. ಅವಳ ಗೆಳತಿಯರೆಲ್ಲ ಈಗಿನ ಶಾಲೆಯಲ್ಲೇ ಇದ್ದರು. ಒಬ್ಬೊಬ್ಬರಿಗೂ ಉತ್ತರ ಕೊಟ್ಟು ಕೊಟ್ಟು ಶೈಲಾಗೆ ಸಾಕಾಗಿ, ಕೊನೆಗೆ ಯಾರಿಗೂ ಹೇಳದೆ ಒಂದು ದಿನ ರಜೆ ಹಾಕಿ ಕೊಂಢವಾಕ್ಕೆ ಹೋದಳು.

ಮುಖ್ಯಾಧ್ಯಾಪಿಕೆ ಸಿಸ್ಟರ್ ಲವೀನಾರ ಮುಂದೆ ಅವಳು ಕಲಿತುಕೊಂಡು ಬಂದಿದ್ದ ಇಂಗ್ಲಿಷು ನಡುವೆಯೇ ನಿಂತುಹೋಯಿತು. ಮರಾಠಿಗೆ ಹೊರಳಿದಳು, ಅದರೊಳಗೆ ಕನ್ನಡದ 'ನೋಡ್ರಿ' ಸೇರಿಕೊಂಡಿತು. ಸಿಸ್ಟರ್ ತಲೆ ಎತ್ತಿ, "ನೀವು ಕನ್ನಡದವರಾ? ನಾನು ಬಂಟ್ವಾಳ," ಎಂದರು. ಶೈಲಾಗೆ ಕೆಲಸವಾಯಿತು ಅನಿಸಿತು. ಚಹಾ ಬಂತು. ಊರಿನ ಮಾತಾಯಿತು. ಮಗಳ ಕಣ್ಣಿನ ಕಥೆಯನ್ನೆಲ್ಲ ಸಿಸ್ಟರ್ ಗಮನವಿಟ್ಟು ಕೇಳಿದರು. ಲಿಂಗದ ವಿಷಯ ಕೇಳಿದಾಗ, "ಕೊರಳಲ್ಲಿ ಏನು ಬೇಕಾದರೂ ಇರಲಿ, ಕೈಯಲ್ಲಿ ಫೋನ್ ಇರಬಾರದು, ಅಷ್ಟೇ," ಎಂದರು. ಅನಂತರ ಅದೇ ಮೃದುವಾದ ದನಿಯಲ್ಲಿ, ಆರನೇ ಇಯತ್ತೆಯಲ್ಲಿ ಒಂದೂ ಸೀಟಿಲ್ಲ ಎಂದರು. "ಎಂತ ಮಾಡುವುದು? ಯಾರಾದರೂ ಬಿಟ್ಟು ಹೋದರೆ ಮಾತ್ರ. ನಿಮಗಿಂತ ಮುಂಚೆ ಒಂಬತ್ತು ಜನ ಇದ್ದಾರೆ."

ಕನ್ನಡ ಮಾತಾಡಿ ಕನ್ನಡದಲ್ಲೇ ಇಲ್ಲ ಅನ್ನಿಸಿಕೊಂಡು ಬಂದದ್ದು ಅವಳನ್ನು ಹೆಚ್ಚು ಕೆರಳಿಸಿತು. ಮರಾಠಿಯಲ್ಲಿ ಇಲ್ಲ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅಂದಿನಿಂದ ಪ್ರತಿ ಸೋಮವಾರ ಅಂಗಡಿ ತೆರೆದ ಕೂಡಲೇ ಕಾನ್ವೆಂಟಿನ ಆಫೀಸಿಗೆ ಫೋನ್ ಮಾಡಿದಳು. ಏಪ್ರಿಲ್, ಮೇ, ಜೂನ್ ಕಳೆಯಿತು. ಅತ್ತ ಶರಣ್ಯಾ ಹಳೆಯ ಶಾಲೆಯಲ್ಲೇ ಆರನೆಯದಕ್ಕೆ ಹೋಗತೊಡಗಿದಳು. ಒಂಬತ್ತು ಏಳಾಯಿತು, ಏಳು ನಾಲ್ಕಾಯಿತು. ಜುಲೈ ಎರಡನೇ ವಾರ ಆಫೀಸಿನವರೇ ಫೋನ್ ಮಾಡಿದರು. ಒಂದು ಕುಟುಂಬ ನಾಶಿಕಕ್ಕೆ ಹೋಗುತ್ತಿದೆ, ಮುಂದಿದ್ದವರು ಬೇಡವೆಂದರು, ಶುಕ್ರವಾರದೊಳಗೆ ಶಾಲೆ ಬಿಟ್ಟ ದಾಖಲೆ ತಂದರೆ ಸೀಟು ನಿಮ್ಮದು.

ಹಳೆಯ ಶಾಲೆಯ ಕ್ಲಾರ್ಕ್ ದತ್ತು, ಆ ದಾಖಲೆಗೆ ಹದಿನೈದು ದಿನ ಬೇಕು ಎಂದ. ಮೊದಲು ಆನ್‌ಲೈನ್ ಅರ್ಜಿ, ಆಮೇಲೆ ಟ್ಯಾಬ್ ಒಪ್ಪಿಸಬೇಕು, ಅದರ ತಪಾಸಣೆ, ಆಮೇಲೆ ಸಹಿ. ಬುಧವಾರ ಶೈಲಾ ಮನೆಯವರ ಗೊಣಗಾಟಕ್ಕೆ ಕಿವಿಗೊಡದೆ ಟ್ಯಾಬ್ ಒಪ್ಪಿಸಿದಳು. ಗುರುವಾರ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೋಗಿ ಆಫೀಸಿನ ಬೆಂಚಿನ ಮೇಲೆ ಕೂತಳು. ದತ್ತು 'ಹೊರಗೆ ಹೋಗಿ' ಅಂದ, ಆಕೆ ಹೋಗಲಿಲ್ಲ. ಸಾಹೇಬರಿಲ್ಲ ಅಂದ, ಬರಲಿ ಅಂದಳು. ಮಧ್ಯಾಹ್ನ ಅಲ್ಲೇ ರೊಟ್ಟಿ ಬಿಚ್ಚಿದಾಗ, ದಾಖಲಾತಿಗೆ ಬಂದಿದ್ದ ಹೊಸ ಪಾಲಕರು ತಿರುಗಿ ತಿರುಗಿ ನೋಡತೊಡಗಿದರು. ನಾಲ್ಕೂಕಾಲಿಗೆ ಸಹಿ ಬಿತ್ತು.

ಗೆದ್ದೆ ಎಂದು ಅವಳಿಗೆ ಒಂದು ವಾರವೂ ಅನಿಸಲಿಲ್ಲ. ಹೊಸ ಶಾಲೆಯಲ್ಲಿ ಶರಣ್ಯಾಳ ಎತ್ತರ ನೋಡಿ ಅವಳನ್ನು ಕಡೆಯ ಬೆಂಚಿನಲ್ಲಿ ಕೂರಿಸಿದ್ದರು. ಹಲಗೆ ನೋಡಿ ನೋಡಿ ಬರೆದು ಬೆರಳು ನೋಯುತ್ತವೆ ಎಂದು ಅವಳು ದಿನವೂ ದೂರುತ್ತಿದ್ದಳು. ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಅಜ್ಜಿಯ ಫೋನ್ ಹಿಡಿಯುತ್ತಿದ್ದಳು. "ಸಾಲ್ಯಾಗ ಇಡೀ ದಿನ ನೋಡಿಲ್ಲಲ್ಲ ಮಮ್ಮಿ, ಅದರ ಪಾಲು ಈಗ ನೋಡ್ತೀನಿ," ಎನ್ನುತ್ತಿದ್ದಳು. ಕಸಿದುಕೊಂಡರೆ ರುದ್ರವ್ವ ಸೊಸೆಯ ಮೇಲೆ ಮುನಿಸಿಕೊಳ್ಳುತ್ತಿದ್ದಳು. ಇಷ್ಟು ಒದ್ದಾಡಿ ಶಾಲೆ ಬದಲಿಸಿದ್ದು ಅರ್ಧ ಕೆಲಸ, ಉಳಿದರ್ಧ ತನ್ನ ಮನೆಯಲ್ಲೇ ಇದೆ ಎಂದು ಶೈಲಾಗೆ ಆಗ ತಿಳಿಯಿತು. ತಿಳಿದು ಸಿಟ್ಟು ಇನ್ನೂ ಹೆಚ್ಚಾಯಿತು. ಅಕ್ಟೋಬರಿನಲ್ಲಿ ಅತ್ತೆಗೆ ಹಳೆಯದರ ಬದಲು ಮಾತಾಡಲಷ್ಟೇ ಬರುವ, ಗುಂಡಿ ಒತ್ತುವ ಫೋನ್ ತಂದುಕೊಟ್ಟಳು. ರುದ್ರವ್ವ ಎಂಟು ದಿನ ಅವಳೊಂದಿಗೆ ಮಾತು ಬಿಟ್ಟಳು.

ಜನವರಿಯಲ್ಲಿ ಕಣ್ಣು ಪರೀಕ್ಷೆಯಾಯಿತು. ಮೂರೂಮುಕ್ಕಾಲು. ವರ್ಷಕ್ಕೆ ಒಂದೂಕಾಲು ಏರುತ್ತಿದ್ದದ್ದು ಈ ಸಲ ಕಾಲು ಮಾತ್ರ ಏರಿತ್ತು. ಇದು ಶಾಲೆಯ ಗುಣವೋ, ಸುಮ್ಮನೆ ಆದದ್ದೋ, ಇಷ್ಟು ಬೇಗ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಅದು ಶೈಲಾಗೂ ಗೊತ್ತಿತ್ತು. ಆದರೂ ಸಂಜೆ ಶಿವಪ್ರಕಾಶನಿಗೆ ಹೇಳುವಾಗ ದನಿಯಲ್ಲಿ ಸ್ವಲ್ಪ ಸಂತೋಷ ಬಂದಿತ್ತು.

"ಮತ್ತ ಇಳದಿಲ್ಲಲ್ಲ," ಎಂದ ಅವನು.

"ಏರಿದ್ದು ಇಳಿಯೂದಿಲ್ರಿ. ನಾ ಎಷ್ಟ ಸಲ ಹೇಳಬೇಕು? ಏರೂದು ನಿಲ್ಲಬೇಕು, ಅಷ್ಟ."

ಶರಣ್ಯಾ ಒಳಗಿನಿಂದಲೇ, ತನಗೆ ಆ ಶಾಲೆ ಈಗಲೂ ಸೇರುವುದಿಲ್ಲ ಎಂದು ಕೂಗಿ ಹೇಳಿದಳು. ಫೆಬ್ರವರಿಯಲ್ಲಿ ಕಾನ್ವೆಂಟಿನಿಂದ ಏಳನೇ ಇಯತ್ತೆಯ ಫಾರ್ಮು ಬಂದಾಗ ಶೈಲಾ ಅಂಗಡಿಯಲ್ಲೇ ಕೂತು ತುಂಬಿದಳು. ತಂದೆಯ ಸಹಿಯ ಜಾಗದಲ್ಲಿ ಸಹಿ ಹಾಕಲು ಶಿವಪ್ರಕಾಶನಿಗೆ ಮೂರು ದಿನ ಹಿಡಿಯಿತು, ಆದರೆ ಹಾಕಿದ.